ಅಮಾವಾಸ್ಯೆಗೆ ಸೇರದ ಹತಾರ

ಆಳಂದದ ನಮ್ಮ ಓಣಿಯಲ್ಲಿ ನನಗೆ ಧರ್ಮವಂತನೆಂಬ ಹೆಸರಿದೆ. ಕುಲದ ಕಟ್ಟಳೆ ಬಿಡದವನು, ಅಮಾವಾಸ್ಯೆಯ ದಿನ ಹತಾರ ಮುಟ್ಟದವನು, ಅದರಿಂದಲೇ ಎರಡೂ ಕಣ್ಣು ಉಳಿಸಿಕೊಂಡವನು ಎಂದು ಮದುವೆ ಮನೆಗಳಲ್ಲಿ ಹಿರಿಯರು ನನ್ನನ್ನು ತೋರಿಸಿ ಹೇಳುತ್ತಾರೆ. ನಾನು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಕೂತುಬಿಡುತ್ತೇನೆ. ಬಾಯಿ ತುಂಬಿದವನನ್ನು ಯಾರೂ ಏನೂ ಕೇಳುವುದಿಲ್ಲ.

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆ ದಿನ ನಾನು ಹತಾರ ಮುಟ್ಟಲಿಲ್ಲ, ನಿಜ. ನನ್ನ ತಮ್ಮ ಕೆಲಸ ಮಾಡಿದ, ಅವನ ಬಲಗಣ್ಣು ಹೋಯಿತು, ಅದೂ ನಿಜ. ಆದರೆ ಇವೆರಡರ ನಡುವೆ ನಾನು ನುಂಗಿಕೊಂಡ ಒಂದು ಮಾತಿದೆ. ಅದು ಅವರ್ಯಾರಿಗೂ ಗೊತ್ತಿಲ್ಲ.

ನಮ್ಮದು ಬಡಿಗತನದ ಮನೆ. ಅಮಾವಾಸ್ಯೆ ಬಂತೆಂದರೆ ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಉಳಿ, ಬಾಚಿ, ಗರಗಸ, ಸುತ್ತಿಗೆ ಎಲ್ಲವನ್ನೂ ತೊಳೆದು, ಒರೆಸಿ, ಎಣ್ಣೆ ಸವರಿ ಕಂಬಳಿಯ ಮೇಲೆ ಸಾಲಾಗಿ ಇಡುತ್ತಿದ್ದ. ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆದರೆ ಮುಗಿಯಿತು. ಮರುದಿನ ಹೊತ್ತು ಮೂಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ಮಟಕಿ ಊರಿನ ಗೌಡನೊಬ್ಬ ಬಂದು, "ನಾಳಿನ ತನಕ ಬಾಗಲಾ ಇಲ್ದ ಮನ್ಯಾಗ ಹ್ಯಾಂಗ ಮಲಗಬೇಕೋ?" ಎಂದು ಕೂಗಾಡಿದ್ದ. "ಒಂದ ದಿನ ನೀವ ಬಾಗಲದಾಗ ಅಡ್ಡ ಮಲಗ್ರಿ ಗೌಡ್ರ" ಅಂದಿದ್ದ ಅಪ್ಪ. ಗೌಡ ನಕ್ಕು ಹೋದ. ಅಪ್ಪನ ಮಾತಿಗೆ ಆಗ ಅಷ್ಟು ಬೆಲೆ ಇತ್ತು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕಾಂಕ್ರೀಟಿನ ಮನೆಗಳು ಏಳತೊಡಗಿದಾಗ ಬಡಿಗರಿಗೆಲ್ಲ ಹೊಸ ತಾಪತ್ರಯ ಶುರುವಾಯಿತು. ಕಾಂಕ್ರೀಟಿಗೆ ಮೊಳೆ ಇಳಿಯುವುದಿಲ್ಲ, ಬಾಗುತ್ತದೆ. ಅಪ್ಪ ಅದಕ್ಕೊಂದು ದಾರಿ ಕಂಡುಕೊಂಡ. ಉಳಿಯಿಂದ ಗೋಡೆಯನ್ನು ಹೆಬ್ಬೆರಳಿನಷ್ಟು ಕೊರೆಯುವುದು, ಒಣಗಿದ ಜಾಲಿಯ ಬೆಣೆ ಮಾಡಿ ಅದರೊಳಗೆ ಬಡಿಯುವುದು, ಆಮೇಲೆ ಆ ಬೆಣೆಗೆ ಮೊಳೆ ಹೊಡೆದು ಕಟ್ಟಿಗೆ ಕೂರಿಸುವುದು. ಒಂದು ಬೆಣೆಗೆ ಅರ್ಧ ತಾಸು ಹಿಡಿಯುತ್ತಿತ್ತು. ಕಲ್ಲಿನ ಗೋಡೆಯಾದರೆ ಬೇರೆ ಲೆಕ್ಕ. ಕಲ್ಲನ್ನು ಬಿಟ್ಟು ಎರಡು ಕಲ್ಲಿನ ನಡುವಿನ ಸಂದಿ ಹುಡುಕಬೇಕು. ಕಲ್ಲು ಯಾವುದು ಸಂದಿ ಯಾವುದು ಎಂದು ಅಪ್ಪ ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. "ಸಿಮೆಂಟ್ ಬಳದ್ರ ಎಲ್ಲಾ ಗ್ವಾಡಿದೂ ಒಂದ ಮಾರಿ. ಕೇಳದ ಮೊಳಿ ಬಡೀಬ್ಯಾಡ್ರಿ" ಎನ್ನುತ್ತಿದ್ದ.

ಗೋಡೆಯ ಮಾತನ್ನು ನಾನು ಚೆನ್ನಾಗಿ ಕಲಿತೆ. ಅಮಾವಾಸ್ಯೆಯ ಮಾತನ್ನು ಮಾತ್ರ ಯಾವತ್ತೂ ನಂಬಲಿಲ್ಲ. ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ಒಂದು ಗೋದಾಮಿನ ಮಾಡಿನ ಕೆಲಸಕ್ಕೆ ಹೋಗಿ ಎಂಟು ತಿಂಗಳು ಅಲ್ಲೇ ಇದ್ದೆ. ಆ ಎಂಟು ತಿಂಗಳಲ್ಲಿ ಒಂದು ಅಮಾವಾಸ್ಯೆಯೂ ಕೈಕಟ್ಟಿ ಕೂತವನಲ್ಲ. ಗರಗಸ ಎಳೆದೆ, ಅಟ್ಟ ಏರಿದೆ, ಸಂಜೆ ಚಹಾ ಕುಡಿದು ಮಲಗಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಊರಿಗೆ ಬಂದಾಗ ಅಪ್ಪ, "ಅಮಾಸಿ ಪಾಳಿಸಿದೇನಪಾ?" ಎಂದು ಕೇಳಿದರೆ, "ಹೂನಪ್ಪಾ" ಅನ್ನುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಮೀಸೆ ಮೂಡುತ್ತಲೇ ಪುಣೆಗೆ ಹೋಗಿ ಅಂಗಡಿ, ಆಫೀಸುಗಳಿಗೆ ಮರದ ಕೆಲಸ ಮಾಡುವ ಗುತ್ತಿಗೆದಾರನ ಹತ್ತಿರ ಸೇರಿಕೊಂಡ. ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಊರಿಗೆ ಮರಳಿ ಬಂದ, ಇನ್ನು ಇಲ್ಲೇ ಇರುತ್ತೇನೆ ಎಂದ. ಹೆಗಲ ಚೀಲದಲ್ಲಿ ಎರಡು ಅಂಗಿಯ ನಡುವೆ ಸುತ್ತಿಟ್ಟು ತಂದಿದ್ದು ಒಂದು ಮೊಳೆ ಬಂದೂಕು.

ಅಂಥದ್ದನ್ನು ನಾವು ಯಾರೂ ನೋಡಿರಲಿಲ್ಲ. ಹಿಡಿಕೆಯ ತುದಿಗೆ ಗಾಳಿಯ ಪೈಪು ಸಿಕ್ಕಿಸುವ ಬಾಯಿ, ಮುಂದೆ ಗಟ್ಟಿ ಉಕ್ಕಿನ ಮೊಳೆಗಳನ್ನು ಸರದ ಹಾಗೆ ತುಂಬುವ ಉದ್ದ ಡಬ್ಬಿ. ಮೂತಿಯನ್ನು ಕಟ್ಟಿಗೆಗೆ ಒತ್ತಿ ಹಿಡಿದು ಕುದುರೆಯನ್ನು ಬೆರಳಿಂದ ಎಳೆದರೆ ಗಾಳಿಯ ರಭಸಕ್ಕೆ ಮೊಳೆ ಕಟ್ಟಿಗೆ ದಾಟಿ ಕಾಂಕ್ರೀಟಿನೊಳಗೆ ಹೋಗಿ ಕೂರುತ್ತದೆ. ಕೊರೆಯುವುದೂ ಇಲ್ಲ, ಬೆಣೆಯೂ ಇಲ್ಲ. ತಮ್ಮ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ.

ಅವನು ಬಂದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಆ ಬಂದೂಕನ್ನು ಒರೆಸಿ, ವಿಭೂತಿ ಹಚ್ಚಿ, ಕಂಬಳಿಯ ಹತ್ತಿರ ತಂದ. ಉಳಿ ಬಾಚಿಗಳ ಸಾಲಿನಲ್ಲಿ ಅದಕ್ಕೂ ಒಂದು ಜಾಗ ಕೊಡಲಿ ಎಂಬುದು ಅವನ ಆಸೆ. ಅಪ್ಪ ಅದನ್ನು ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿದ.

"ಇದಕ್ಕ ಅಲಗ ಎಲ್ಲದ?"

"ಅಲಗ ಇಲ್ಲಪ್ಪಾ. ಗಾಳಿ ಬಿಟ್ರ ಮೊಳಿ ತಾನ ಹೋಗಿ ಕುಂದರತದ."

"ಗಾಳಿ ಇಲ್ಲಂದ್ರ?"

"ಇಲ್ಲಂದ್ರ ಏನೂ ಆಗಂಗಿಲ್ಲ."

"ಹಂಗಾದ್ರ ಇದು ಹತ್ಯಾರ ಅಲ್ಲಪಾ, ಮಷೀನ. ಕಂಬಳಿ ಮ್ಯಾಲ ಇಡಬ್ಯಾಡ."

ತಮ್ಮನ ಮುಖ ಸಣ್ಣದಾಯಿತು. ವಿಭೂತಿ ಒರೆಸಿ ಬಂದೂಕನ್ನು ಮತ್ತೆ ಚೀಲಕ್ಕೆ ಹಾಕಿದ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅದಾಗಿ ಎರಡು ತಿಂಗಳಿಗೆ ಅಫಜಲಪುರದಿಂದ ಕೆಲಸ ಬಂತು. ಅಲ್ಲಿಯ ಅರಿವೆ-ಬಟ್ಟೆಯ ವ್ಯಾಪಾರಿಯೊಬ್ಬರು ಬಜಾರದಲ್ಲಿದ್ದ ಹಳೆಯ ಮನೆಯ ಮುಂಭಾಗ ಒಡೆದು ಅಂಗಡಿ ಮಾಡಿಸುತ್ತಿದ್ದರು. ಹಣೆಯ ತುಂಬ ವಿಭೂತಿ, ಬಾಯಿ ತೆರೆದರೆ "ಶರಣ್ರಿ", ಊರಿನಲ್ಲಿ ಮರ್ಯಾದಸ್ಥ ಮನೆತನ, ಎಲ್ಲರ ಬಾಯಲ್ಲೂ ಸಾಹುಕಾರರು. ಮೂರು ಗೋಡೆಗೂ ಮರದ ಪಟ್ಟಿ ಬಡಿದು, ಅದರ ಮೇಲೆ ಕಪಾಟು ಕೂರಿಸಬೇಕು. ಯುಗಾದಿಯ ಪಾಡ್ಯಕ್ಕೆ ಅಂಗಡಿ ತೆರೆಯಬೇಕು. ನಮಗೆ ಸಿಕ್ಕಿದ್ದು ನಾಲ್ಕೇ ದಿನ. ಬೆಣೆ ಬಡಿಯುತ್ತ ಕೂತರೆ ಹದಿನೈದು ದಿನದ ಕೆಲಸ. ಅದಕ್ಕೇ ತಮ್ಮನ ಬಂದೂಕಿನ ಸುದ್ದಿ ಕೇಳಿ ನಮ್ಮನ್ನು ಕರೆಸಿದ್ದರು. ಅಪ್ಪನಿಗೆ ಮೊಣಕಾಲು ನೋವು; ಅವನು ಆಳಂದದಲ್ಲೇ ಉಳಿದ. ಅಣ್ಣ ತಮ್ಮ ಇಬ್ಬರೇ ಹೋದೆವು.

ಆ ಮನೆ ನನಗೆ ಹೊಸದಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ, ತಮ್ಮ ಇನ್ನೂ ಶಾಲೆಯಲ್ಲಿದ್ದಾಗ, ನಾನೂ ಅಪ್ಪನೂ ಅಲ್ಲಿ ಕೆಲಸ ಮಾಡಿದ್ದೆವು. ಎಡಗಡೆಯ ಗೋಡೆಗೆ ಅರಿವೆ ತೂಗುಹಾಕಲು ಆರು ಗಿಳಿಗೂಟ ಕೂರಿಸಿದ್ದೆವು. ಅದು ದಪ್ಪ ದಪ್ಪ ಶಹಾಬಾದ್ ಪರಸಿ ಕಲ್ಲಿನ ಗೋಡೆ, ಸಂದಿ ಸಿಕ್ಕುವುದೇ ಕಷ್ಟ. ಆರು ಗೂಟಕ್ಕೆ ಮೂರು ದಿನ ಹಿಡಿದಿತ್ತು, ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಈಗ ಗೂಟಗಳನ್ನು ಕಿತ್ತು, ಮೇಲೆ ಸಿಮೆಂಟು ಬಳಿದು, ಸುಣ್ಣ ಹಚ್ಚಿದ್ದರು. ಬಲಗಡೆಯದೂ ಹಿಂದಿನದೂ ಹೊಸದಾಗಿ ಹಾಕಿಸಿದ ಕಾಂಕ್ರೀಟು. ನೋಡುವ ಕಣ್ಣಿಗೆ ಮೂರೂ ಒಂದೇ. ನಮ್ಮ ಕಡೆ ಸಿಮೆಂಟು ಬಳಿದ ಮೇಲೆ ಮಣ್ಣಿನ ಗೋಡೆಗೂ ಕಾಂಕ್ರೀಟು ಎಂದೇ ಹೆಸರು. ಸಾಹುಕಾರರೂ ಕೈ ಬೀಸಿ, "ಎಲ್ಲಾ ಕಾಂಕ್ರೀಟ ಅದ, ಹೊಡೀರಿ" ಎಂದರು.

ಗಾಳಿಗೆ ಏನು ಮಾಡುವುದು? ಪುಣೆಯಲ್ಲಾದರೆ ಕಂಪನಿಯ ಕಂಪ್ರೆಸರ್ ಇರುತ್ತಿತ್ತು. ಇಲ್ಲಿ ತಮ್ಮ ಬಸ್ ನಿಲ್ದಾಣದ ಹತ್ತಿರದ ಪಂಕ್ಚರ್ ಅಂಗಡಿಯ ಚಾಚಾನನ್ನು ಹಿಡಿದ. ಟ್ರ್ಯಾಕ್ಟರಿನ ಗಾಲಿಗೆ ಹವಾ ತುಂಬುವ ಅವನ ಮಷೀನನ್ನು ಕೈಗಾಡಿಯಲ್ಲಿ ತಂದು ಅಂಗಡಿಯ ಕಟ್ಟೆಯ ಮೇಲೆ ಇಳಿಸಿದರು. ಅದು ಮನೆಯೇ ನಡುಗುವ ಹಾಗೆ ಸದ್ದು ಮಾಡುತ್ತಿತ್ತು. ಚಾಚಾ ಅದರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒತ್ತಡದ ಮುಳ್ಳು ನೋಡುತ್ತ, "ಹವಾ ನಂದು, ಹೆಸರು ನಿಂದು ಆಯ್ತಲ್ಲೋ ಬೇಟಾ" ಎಂದು ತಮ್ಮನನ್ನು ಕಾಡಿಸುತ್ತಿದ್ದ.

ಬಂದೂಕಿನ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಪಟ್ಟಿಯನ್ನು ಗೋಡೆಗೆ ಒತ್ತಿ ಅಲುಗಾಡದಂತೆ ಹಿಡಿಯಬೇಕು. ಇನ್ನೊಬ್ಬ ಮುಖವನ್ನು ದೂರ ಇಟ್ಟು, ಕೈ ಚಾಚಿ ಬಂದೂಕು ಒತ್ತಬೇಕು. ತಮ್ಮ ಇದನ್ನು ನನಗೆ ಎರಡೆರಡು ಸಲ ಹೇಳಿದ. ಪುಣೆಯಲ್ಲಿ ಕಣ್ಣಿಗೆ ದೊಡ್ಡ ಕನ್ನಡಕ ಕೊಡುತ್ತಿದ್ದರಂತೆ. ಕೆಲಸ ಬಿಡುವಾಗ ಅದನ್ನು ಮರಳಿ ಇಸಿದುಕೊಂಡಿದ್ದರು.

ಹೀಗೆ ಮೂವತ್ತು ದಾಟಿದ, ಇಪ್ಪತ್ತು ವರ್ಷ ಉಳಿ ಹಿಡಿದ ನಾನು ಪಟ್ಟಿ ಹಿಡಿಯುವವನಾದೆ.

ಮೊದಲ ದಿನ ಬಲಗಡೆಯ ಗೋಡೆ. ಠಪ್, ಠಪ್ ಎಂದು ಮೊಳೆ ಇಳಿಯುತ್ತಿದ್ದವು. ನಾನು ಅರ್ಧ ತಾಸು ಬೆವರು ಸುರಿಸುವ ಜಾಗದಲ್ಲಿ ಅವನು ಅರ್ಧ ನಿಮಿಷ ನಿಲ್ಲುತ್ತಿರಲಿಲ್ಲ. ನಾನು ಪಟ್ಟಿಗೆ ಜೋತುಬಿದ್ದು ಎಳೆದು ನೋಡಿದೆ, ಕೂದಲೆಳೆಯಷ್ಟೂ ಕದಲಲಿಲ್ಲ. ಬಜಾರದ ಮಂದಿ ಬಾಗಿಲಲ್ಲಿ ಗುಂಪುಗೂಡಿದರು. ಸಾಹುಕಾರರು ತಮ್ಮನಿಗೆ ಕುರ್ಚಿ ಹಾಕಿಸಿ, ಕಪ್ಪು ಬಶಿಯಲ್ಲಿ ಚಹಾ ಕೊಡಿಸಿದರು. ನನಗೂ ಕೊಡಿಸಿದರು, ಆಮೇಲೆ. "ಮಿಸ್ತ್ರಿ" ಎಂದು ಅವರು ಕರೆದರೆ ಹಳೆಯ ಅಭ್ಯಾಸಕ್ಕೆ ನಾನು ತಿರುಗುತ್ತಿದ್ದೆ. ಅವರು ನನ್ನನ್ನು ದಾಟಿ ತಮ್ಮನನ್ನು ನೋಡುತ್ತಿದ್ದರು.

"ತಮ್ಮ ಬಂದೂಕ ಹಿಡದಾನ, ಅಣ್ಣ ಕಟಗಿ ಹಿಡದಾನ. ಛಲೋ ಜೋಡಿ ಅದ" ಎಂದು ಅವರು ಎಲ್ಲರ ಎದುರು ನಕ್ಕರು. ಮಂದಿಯೂ ನಕ್ಕರು. ತಮ್ಮ ನಗಲಿಲ್ಲ, ತಲೆ ತಗ್ಗಿಸಿ ಮೊಳೆ ತುಂಬುತ್ತಿದ್ದ. ಅವನು ನಗಲಿಲ್ಲವೆಂಬುದು ನನಗೆ ಇನ್ನೂ ಉರಿ ಹತ್ತಿಸಿತು. ನನ್ನ ಮೇಲೆ ಕನಿಕರಪಡುವಷ್ಟು ದೊಡ್ಡವನಾದನೇ ಇವನು, ಅನ್ನಿಸಿತು. ಅದಕ್ಕೆ ಹೊಟ್ಟೆಕಿಚ್ಚು ಎಂದೇ ಹೆಸರು, ಬೇರೆ ಹೆಸರಿಟ್ಟು ಚಂದ ಮಾಡಲಾರೆ.

ಮೂರನೆಯ ದಿನ ಮಧ್ಯಾಹ್ನಕ್ಕೆ ಬಲಗಡೆಯದೂ ಹಿಂದಿನದೂ ಮುಗಿದು ಎಡಗಡೆಯ ಗೋಡೆ ಒಂದೇ ಉಳಿಯಿತು. ಮರುದಿನ ಅಮಾವಾಸ್ಯೆ, ಅದರ ಮರುದಿನ ಪಾಡ್ಯ.

"ನಾಳಿ ಆ ಗ್ವಾಡಿ ಮುಗಿಸಿಬಿಡ್ರಿ" ಎಂದರು ಸಾಹುಕಾರರು.

"ನಾಳಿ ಅಮಾಸಿ ಅದರಿ ಸಾವ್ಕಾರ್ರ. ನಮ್ಮ ಮಂದಿ ಹತ್ಯಾರ ಮುಟ್ಟಂಗಿಲ್ರಿ" ಎಂದೆ ನಾನು. ಮೂರು ದಿನದಲ್ಲಿ ಮೊದಲ ಸಲ ನನ್ನ ದನಿ ಗಟ್ಟಿಯಾಗಿತ್ತು.

"ನಾವು ಶರಣರ ಮಂದಿ. ನಮಗ ಅಮಾಸಿ ಇಲ್ಲ, ಹುಣ್ಣಿವಿ ಇಲ್ಲ. ದುಡಿಯೂದಕ್ಕ ಒಳ್ಳೆ ದಿನ, ಕೆಟ್ಟ ದಿನ ಎಲ್ಲಿಂದ ಬಂತೋ?"

ಅಮಾವಾಸ್ಯೆ ಇಲ್ಲದವರಿಗೆ ಪಾಡ್ಯ ಮಾತ್ರ ಯಾಕೆ ಬೇಕಿತ್ತೋ, ಕೇಳುವ ಧೈರ್ಯ ನನಗಿರಲಿಲ್ಲ. ತಮ್ಮ ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಹತ್ಯಾರ ಮುಟ್ಟಬಾರದು, ಖರೆ. ಆದ್ರ ಇದು ಹತ್ಯಾರ ಅಲ್ಲಂತ ಅಪ್ಪನ ಹೇಳ್ಯಾನಲ್ಲ? ಕಂಬಳಿ ಮ್ಯಾಲ ಇಡಗೊಡಲಿಲ್ಲ. ಪೂಜಿ ಇಲ್ಲದ್ದಕ್ಕ ಸೂಟಿ ಯಾಕ? ಪಟ್ಟಿ ಎಲ್ಲಾ ಇವತ್ತ ಕೊಯ್ದಿಡೋಣು. ನಾಳಿ ಗರಗಸ ಬ್ಯಾಡ, ಸುತಗಿ ಬ್ಯಾಡ, ಬರೇ ಬಂದೂಕ. ನೀ ಬರೇ ಪಟ್ಟಿ ಹಿಡಿ. ಕಟಗಿ ಹಿಡದ್ರ ಹತ್ಯಾರ ಹಿಡದಂಗ ಆಗಂಗಿಲ್ಲ."

ವಾದ ಸರಿಯಾಗೇ ಇತ್ತು. ಬಡಿಗರ ಮನೆಯಲ್ಲಿ ಹುಟ್ಟಿದವನು ಮಾತ್ರ ಮಾಡಬಹುದಾದ ವಾದ. ನಾನು ಒಪ್ಪಿಕೊಂಡರೂ ಒಪ್ಪಿಕೊಳ್ಳುತ್ತಿದ್ದೆನೇನೋ. ಆದರೆ 'ನೀ ಬರೇ ಪಟ್ಟಿ ಹಿಡಿ' ಎಂಬ ಮಾತು ಎದೆಗೆ ಬಂದು ನೆಟ್ಟಿತು.

"ಕಟ್ಟಳಿ ಅಂದ್ರ ಕಟ್ಟಳಿ. ಅಪ್ಪನ ಮಾತ ನಾ ಮೀರಂಗಿಲ್ಲ. ನೀ ಬೇಕಾದ್ದ ಮಾಡಕೋ" ಎಂದೆ. ಜೇವರ್ಗಿಯಲ್ಲಿ ಎಂಟು ಅಮಾವಾಸ್ಯೆ ನುಂಗಿ ನೀರು ಕುಡಿದ ಬಾಯಿ ಅದು.

ಸಂಜೆ ಆಳಂದದ ಬಸ್ಸು ಹತ್ತಿಸಲು ತಮ್ಮ ನನ್ನ ಜೊತೆ ಬಂದ. ಅವ್ವನಿಗೆಂದು ಬಾಳೆಹಣ್ಣು ಕೊಡಿಸಿದ. ನಾನು ಕಿಟಕಿಯ ಪಕ್ಕ ಕೂತೆ, ಅವನು ಕೆಳಗೆ ನಿಂತು ಸರಳು ಹಿಡಿದುಕೊಂಡ.

"ಅಣ್ಣಾ, ಆ ಎಡಗಡಿ ಗ್ವಾಡಿ ಹ್ಯಾಂಗದ? ಮೊದಲ ನೀ ಇಲ್ಲಿ ಕೆಲಸ ಮಾಡೀದಿ ಅಂದ್ರು ಸಾವ್ಕಾರ್ರು."

ಎರಡೇ ಶಬ್ದ ಸಾಕಿತ್ತು, ಪರಸಿ ಕಲ್ಲು ಎಂದು. ಅವು ನಾಲಿಗೆಯ ಮೇಲೆ ಬಂದು ನಿಂತಿದ್ದವು, ಸುಳ್ಳಲ್ಲ. ಜೊತೆಗೇ ನನಗೆ ಕಂಡದ್ದು ಬೇರೆ: ನಾಳೆ ಎಲ್ಲರ ಎದುರು ಅವನ ಮೊಳೆಗಳು ಕಲ್ಲಿಗೆ ತಾಗಿ ಬಾಗುವುದು, ಬಜಾರದ ಮಂದಿ ನಗುವುದು, ಸಾಹುಕಾರರು ಮುಖ ಸಿಂಡರಿಸಿ, "ಅಣ್ಣನ್ನ ಕರೀರಿ, ಬೆಣಿ ಬಡೀಲಿ" ಅನ್ನುವುದು. ನನಗೆ ಬೇಕಾದದ್ದು ಅಷ್ಟೇ. ಮೊಳೆ ಬಾಗಲಿ. ದೇವರಾಣೆ, ಅದಕ್ಕಿಂತ ಹೆಚ್ಚಿನದು ನನ್ನ ಮನಸ್ಸಿಗೆ ಬಂದಿರಲಿಲ್ಲ.

"ನಿನ್ನ ಬಂದೂಕಿಗೆ ಎಂಥಾ ಗ್ವಾಡಿ ಆದ್ರೇನಲೇ?" ಎಂದೆ.

ಅವನು ಅದನ್ನು ಹೊಗಳಿಕೆ ಎಂದುಕೊಂಡು ಹಲ್ಲು ಬಿಟ್ಟು ನಕ್ಕ. ಬಸ್ಸು ಹೊರಟಿತು. ಎರಡು ಕಣ್ಣಿನ ನನ್ನ ತಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.

ಬೆಳಿಗ್ಗೆ ಆಳಂದದಲ್ಲಿ ಅಪ್ಪ ನಾನು ಸೇರಿ ಹತಾರ ತೊಳೆದೆವು. ಅಪ್ಪ ಬಹಳ ಸಂತೋಷದಲ್ಲಿದ್ದ. ಅಷ್ಟು ದೂರದಿಂದ ಅಮಾವಾಸ್ಯೆಗೆಂದು ಹಿರಿಯ ಮಗ ಬಂದಿದ್ದಾನೆ ಎಂದು ಅವ್ವನ ಮುಂದೆ ಎರಡು ಸಲ ಹೇಳಿದ. ತಮ್ಮ ಯಾಕೆ ಬರಲಿಲ್ಲ ಎಂದು ಕೇಳಿದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪ ಬಾಚಿಗೆ ಎಣ್ಣೆ ಸವರಿ ಕಂಬಳಿಯ ಮೇಲಿಟ್ಟ. ಆಮೇಲೆ ಇದ್ದಕ್ಕಿದ್ದಂತೆ ತಲೆ ಎತ್ತಿದ.

"ಯಾವ ಗ್ವಾಡಿ ಉಳದದ?"

"ಎಡಗಡಿದು."

"ಅಲ್ಲಿ ನಾವು ಗಿಳಿಗೂಟ ಬಡದಿದ್ವಲ್ಲೋ? ಅದು ಪರಸಿ ಕಲ್ಲು. ಅವಗ ಹೇಳೀ ಇಲ್ಲೋ?"

ಆಗ ಹೊತ್ತು ಏರಿರಲಿಲ್ಲ. ಓಣಿಯ ಮೂಲೆಯ ಕಿರಾಣಿ ಅಂಗಡಿಯಲ್ಲಿ ಫೋನಿತ್ತು, ಸಾಹುಕಾರರ ಮನೆಯಲ್ಲೂ ಫೋನಿತ್ತು. ನೂರು ಹೆಜ್ಜೆ ನಡೆದರೆ ಆಗುತ್ತಿತ್ತು. ಆದರೆ ಹೇಳಿಲ್ಲ ಅಂದರೆ, ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ.

"ಹೇಳೇನಿ" ಎಂದೆ.

"ಹೇಳಿದ್ರ ಸಾಕು. ಅವ ಶಾಣ್ಯಾ ಅದಾನ" ಎಂದು ಅಪ್ಪ ಕಾಯಿ ಒಡೆದ.

ಮುಂದಿನದನ್ನು ನಾನು ಕಂಡಿಲ್ಲ, ಚಾಚಾ ಹೇಳಿದ್ದು. ತಮ್ಮ ಒಬ್ಬನೇ ಇದ್ದ. ಯುಗಾದಿಯ ಗಡಿಬಿಡಿಯಲ್ಲಿ ಆಳು ಯಾರೂ ಸಿಕ್ಕಿರಲಿಲ್ಲ. ಚಾಚಾ ಮಷೀನು ಬಿಟ್ಟು ಏಳುವ ಹಾಗಿರಲಿಲ್ಲ. ಹಾಗಾಗಿ ಪಟ್ಟಿಯ ಒಂದು ತುದಿಯನ್ನು ಪೆಟ್ಟಿಗೆಯ ಮೇಲೆ ಆನಿಸಿ, ಇನ್ನೊಂದನ್ನು ಎಡಭುಜದಿಂದ ಗೋಡೆಗೆ ಒತ್ತಿ, ಕೆನ್ನೆಯನ್ನು ಕಟ್ಟಿಗೆಯ ಹತ್ತಿರ ಇಟ್ಟು ಬಲಗೈಯಲ್ಲಿ ಬಂದೂಕು ಹಿಡಿದಿದ್ದನಂತೆ. ಮೊದಲ ಮೂರು ಮೊಳೆ ಸರಾಗವಾಗಿ ಹೋದವಂತೆ. ಸಂದಿಗೆ ಬಿದ್ದಿರಬೇಕು. ನಾಲ್ಕನೆಯದು ಕಲ್ಲಿಗೆ ಬಡಿಯಿತು. ಉಕ್ಕಿನ ಮೊಳೆ ಪರಸಿಯೊಳಗೆ ಇಳಿಯದೆ, ತಿರುಗಿ, ಪಟ್ಟಿಯ ಅಂಚನ್ನು ಸೀಳಿಕೊಂಡು ಹೊರಗೆ ಬಂತು. ತಮ್ಮ ಕೂಗಲಿಲ್ಲವಂತೆ. ಬಂದೂಕನ್ನು ಮೆಲ್ಲಗೆ ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಚಾಚಾ, ಹವಾ ಬಂದ ಮಾಡ್ರಿ" ಎಂದನಂತೆ.

ಮಧ್ಯಾಹ್ನ ಕಿರಾಣಿ ಅಂಗಡಿಯವನು ಓಡಿ ಬಂದು ಫೋನಿನ ಸುದ್ದಿ ಹೇಳಿದ. ನಾವು ಸೊಲ್ಲಾಪುರದ ಆಸ್ಪತ್ರೆಗೆ ಹೋಗಿ ಮುಟ್ಟುವಷ್ಟರಲ್ಲಿ ಅವನ ಅರ್ಧ ಮುಖಕ್ಕೆ ಬಟ್ಟೆ ಕಟ್ಟಿದ್ದರು. ಆ ಕಣ್ಣು ತೆಗೆಯದಿದ್ದರೆ ಇನ್ನೊಂದೂ ಹೋಗುತ್ತದೆ ಎಂದರು ಡಾಕ್ಟರು. ಅಪ್ಪ ಪೆನ್ನನ್ನು ನನ್ನ ಕೈಗೆ ಕೊಟ್ಟ, ಕಾಗದಕ್ಕೆ ನಾನೇ ಸಹಿ ಹಾಕಿದೆ.

ಸಾಹುಕಾರರು ಪಾಡ್ಯದ ದಿನ ಅಂಗಡಿ ತೆರೆದರು. ಎಡಗಡೆಯ ಗೋಡೆಗೆ ಉದ್ದಕ್ಕೂ ಇಳಕಲ್ ಸೀರೆ ಇಳಿಬಿಟ್ಟು ಮುಚ್ಚಿದ್ದರಂತೆ. ಆಮೇಲೆ ಅವರೇ ಆಸ್ಪತ್ರೆಗೆ ಬಂದು ಹಣ್ಣಿನ ಚೀಲ ಕೆಳಗಿಟ್ಟು, "ಅಮಾಸಿ ದಿನ ಮಾಡಬಾರದಿತ್ತು ನೋಡ್ರಿ" ಎಂದು ಅಪ್ಪನ ಮುಂದೆ ತಲೆ ಅಲ್ಲಾಡಿಸಿದರು. ಶರಣರ ಮಂದಿಗೆ ಒಂದೇ ದಿನದಲ್ಲಿ ಅಮಾವಾಸ್ಯೆ ಬಂದಿತ್ತು. ಎದ್ದು ಅವರ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿಯಲು ನಾನು ಯಾವ ಸುಬಗ?

ಊರಿಗೂ ಅದೇ ಮಾತು ಸಿಕ್ಕಿತು. ಅಮಾವಾಸ್ಯೆ ಮುರಿದವನ ಕಣ್ಣು ಹೋಯಿತು, ಪಾಲಿಸಿದವನದು ಉಳಿಯಿತು. ಇದಕ್ಕಿಂತ ಸಲೀಸಾದ ಕಥೆ ಎಲ್ಲಿ ಸಿಗಬೇಕು? ಜಿಡಗಾ ಊರಿನ ಕಡೆಯಿಂದಲೂ ಬಡಿಗರು ಬಂದು ಅಪ್ಪನಿಗೆ ಸಮಾಧಾನ ಹೇಳಿ, ನನ್ನ ಬೆನ್ನು ತಟ್ಟಿ ಹೋದರು. ತಮ್ಮನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಸದ್ದಿಲ್ಲದೆ ಹಿಂದೆ ಸರಿದರು. ಬಂದೂಕು ಚಾಚಾನ ಅಂಗಡಿಯಲ್ಲೇ ಉಳಿಯಿತು, ನಮ್ಮಲ್ಲಿ ಯಾರೂ ಅದನ್ನು ಕೇಳಲಿಲ್ಲ. ಅದರ ತಪ್ಪೇನೂ ಇರಲಿಲ್ಲ. ಅದು ಬಡಿದ ಬಲಗಡೆಯ ಪಟ್ಟಿಗಳು ಇವತ್ತಿಗೂ ಸಾಹುಕಾರರ ಕಪಾಟು ಹೊತ್ತು ನಿಂತಿವೆ.

ತಿಂಗಳ ಮೇಲೆ ತಮ್ಮನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಮನೆಗೆ ಬಂದ ದಿನ ಅವನು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಬಲಗಡೆ ರೆಪ್ಪೆ ಒಳಗೆ ಕುಸಿದಿತ್ತು. ಅಷ್ಟು ದಿನ ಒಂದೂ ಮಾತಾಡದ ಅಪ್ಪ ಅವನ ಮುಖ ನೋಡಿದ್ದೇ ತಡ, ಒಮ್ಮೆಲೇ ಸಿಡಿದ.

"ಅಮಾಸಿ ಅಂದ್ರೂ ಕೇಳಲಿಲ್ಲ, ಹೋಗಲಿ. ಅದು ಪರಸಿ ಕಲ್ಲ ಅಂತ ಅಣ್ಣ ಬಾಯಿಬಿಟ್ಟು ಹೇಳಿದ್ನಲ್ಲೋ! ಅವನ ಮಾತರೆ ಕೇಳಬಾರದಾ? ಪುಣೇಕ ಹೋಗಿ ಬಂದಕೂಡ್ಲೇ ಅಣ್ಣ ಕಾಲಾಗಿನ ಕಸ ಆದನೇನು ನಿನಗ?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ತಮ್ಮ ಮೊದಲು ಅಪ್ಪನನ್ನು ನೋಡಿದ. ಆಮೇಲೆ ಮೆಲ್ಲಗೆ ತಲೆ ಪೂರ್ತಿ ತಿರುಗಿಸಿ, ಉಳಿದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದನೋ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಹೇಳಿಬಿಡಲಿ ಎಂದೂ ಇತ್ತು, ಹೇಳದಿರಲಿ ಎಂದೂ ಇತ್ತು.

"ಹೌದಪ್ಪಾ. ಅಣ್ಣ ಹೇಳಿದ್ದ. ನಾನ ಕೇಳಲಿಲ್ಲ" ಎಂದ.

ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ತಮ್ಮ ಎದ್ದು ಹಿತ್ತಲಿಗೆ ಹೋದ. ನಾನು ಬಾಯಿ ತೆರೆಯಲಿಲ್ಲ. ಅವತ್ತಾದರೂ ತೆರೆಯಬಹುದಿತ್ತು.

ಆರು ತಿಂಗಳಿಗೆ ಅವನು ಮತ್ತೆ ಉಳಿ ಹಿಡಿದ. ಹಲಗೆಯ ನೇರ ನೋಡುವಾಗ ಬಡಿಗರೆಲ್ಲ ಒಂದು ಕಣ್ಣು ಮುಚ್ಚುತ್ತಾರೆ. "ನನಗ ಮುಚ್ಚೂ ತ್ರಾಸೂ ಇಲ್ಲ" ಎಂದು ಅವನೇ ನಗೆಯಾಡುತ್ತಿದ್ದ. ಆದರೆ ಸುತ್ತಿಗೆಯ ಅಂದಾಜು ತಪ್ಪುತ್ತಿತ್ತು. ಮೊಳೆಯ ಬದಲು ಬೆರಳಿಗೆ ಬೀಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನಾನು ಏನೋ ಹುಡುಕುವ ನೆವದಲ್ಲಿ ಹೊರಗೆ ಹೋಗುತ್ತಿದ್ದೆ. ಅಮಾವಾಸ್ಯೆಯನ್ನು ಅವನು ಅಪ್ಪನಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸತೊಡಗಿದ. ಅವನು ಹತಾರ ತೊಳೆಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಎಣ್ಣೆ ಸವರುತ್ತಿದ್ದೆ. ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡೆವು, ಒಂದೇ ಕೆಲಸಕ್ಕೆ ಹೋದೆವು. ಆ ಗೋಡೆಯ ಮಾತು ಮಾತ್ರ ನಮ್ಮ ನಡುವೆ ಬರಲಿಲ್ಲ.

ಅಪ್ಪ ತೀರಿದ ವರ್ಷ, ದಿನಕರ್ಮ ಎಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಹಿತ್ತಲಲ್ಲಿ ನಾವಿಬ್ಬರೇ ಕೂತು ಒಂದು ಚೌಕಟ್ಟು ಜೋಡಿಸುತ್ತಿದ್ದೆವು. ಇನ್ನು ಯಾರಿಗೂ ಅಂಜಬೇಕಾಗಿಲ್ಲ ಅನ್ನಿಸಿತು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತು ಅದು. ಅವನ ಕೈ ಹಿಡಿದುಕೊಂಡೆ.

"ತಮ್ಮಾ, ಆ ಅಫಜಲಪುರದ ಗ್ವಾಡಿ... ನನಗ ಗೊತ್ತಿತ್ತು. ನಾ ನಿನಗ..."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅಣ್ಣಾ, ನೀ ಹೇಳಿದ್ದಿ ಅಂತ ಅಪ್ಪನ ಮುಂದ ಒಂದ ಸಲ ಹೇಳಿಬಿಟ್ಟೇನಿ. ಅದನ್ನ ಖರೆ ಅಂತ ತಿಳಕೊಂಡ ಅಪ್ಪ ಹ್ವಾದ. ಈಗ ನನ್ನ ಸುಳ್ಳ ಮಾಡಬ್ಯಾಡ."

ಆಮೇಲೆ ಚೌಕಟ್ಟಿನ ಆ ತುದಿಯನ್ನು ಅವನು ಎತ್ತಿದ, ಈ ತುದಿಯನ್ನು ನಾನು ಹಿಡಿದುಕೊಂಡೆ.